ಬಿಳಿ ಮೇಜುಬಟ್ಟೆಯ ಮೇಲೆ ಮೂರು ಹನಿ

ಫ್ರಾನ್ಸಿಗೆ ಹೋಗಿ ಬಂದವನೆಂದು ಗೊತ್ತಾದರೆ ಉಡುಪಿಯ ಜನ ಮೂರು ಪ್ರಶ್ನೆ ಕೇಳುತ್ತಾರೆ. ಚಳಿ ಹೇಗಿತ್ತು ಎಂಬುದು ಮೊದಲನೆಯದು. ಊಟಕ್ಕೆ ಎಂತ ಮಾಡಿದಿರಿ ಎಂಬುದು ಎರಡನೆಯದು. ಮೂರನೆಯದನ್ನು ಕೇಳುವ ಮೊದಲು ಒಮ್ಮೆ ಹಿಂದೆ ಮುಂದೆ ನೋಡಿ, ಸ್ವರ ತಗ್ಗಿಸಿ, "ಅಲ್ಲಿ ಎಲ್ಲರೂ ಕುಡಿಯುತ್ತಾರಂತಲ್ಲ, ನೀವು..." ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಇರುವಾಗ ರಥಬೀದಿಯಲ್ಲಿ ನಿಂತು ಪೂರ್ತಿ ಪ್ರಶ್ನೆ ಕೇಳುವುದು ಕಷ್ಟವೇ ಸರಿ.

ಕುಡಿದೆ. ಸಂತೋಷದಿಂದ ಕುಡಿದೆ, ಅದೂ ಮಟಮಟ ಮಧ್ಯಾಹ್ನ, ಊಟದ ಜೊತೆ. ಎಂಟು ತಿಂಗಳ ಫ್ರಾನ್ಸ್ ವಾಸದಲ್ಲಿ ನೋಡಿದ ಇಗರ್ಜಿಗಳೂ ಅರಮನೆಗಳೂ ಈಗಾಗಲೇ ಒಂದರೊಳಗೊಂದು ಕಲಸಿಹೋಗಿವೆ. ಆ ಒಂದು ಮಧ್ಯಾಹ್ನದ ಊಟ ಮಾತ್ರ ತುತ್ತು ತುತ್ತಾಗಿ ನೆನಪಿದೆ. ಅದನ್ನೇ ಬರೆಯುತ್ತೇನೆ.

ಪರ್ಕಳ

ಹೊರಡುವ ಮೊದಲಿನ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ.

ನಾನು ಕಾಪುವಿನವ. ನನ್ನ ಅಪ್ಪ ಮೂರ್ತೆದಾರರು, ಎಂದರೆ ತೆಂಗು ತಾಳೆ ಮರಗಳನ್ನು ಹತ್ತಿ ಕಳ್ಳು ಇಳಿಸುವವರು. ಪಾನನಿರೋಧ ಬಂದ ಮೇಲೆ ಮಡಕೆಯ ಒಳಗೆ ಸುಣ್ಣ ಬಳಿದು, ಹುಳಿಯೇರದ ಸಿಹಿ ರಸ ಇಳಿಸಿ, ಅದನ್ನು ಕಾಸಿ ಓಲೆಬೆಲ್ಲ ಮಾಡುತ್ತಿದ್ದಾರೆ. ಓದಿ ಮಣಿಪಾಲದ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ನಾನು ಈ ವಿಷಯವನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. "ನಮ್ಮದು ತೆಂಗಿನ ತೋಟ" ಎಂದುಬಿಟ್ಟಿದ್ದೆ. ಅಪ್ಪ ದಿನವಿಡೀ ತೆಂಗಿನ ತೋಟದಲ್ಲಿ ಇರುತ್ತಿದ್ದುದೇನೋ ನಿಜ, ತೋಟ ಮಾತ್ರ ಬೇರೆಯವರದು.

ಆಗ ನಾನೂ ಸಹೋದ್ಯೋಗಿ ಅಲೋಶಿಯೂ ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಅಲೋಶಿ ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್, ಬಾಯಿ ತುಂಬ ಮಾತು, ಹೊಟ್ಟೆ ತುಂಬ ಊಟ. ಒಂದು ಭಾನುವಾರ ಅಪ್ಪ ಯಾವ ಸುದ್ದಿಯನ್ನೂ ಕೊಡದೆ ಬಂದರು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮೊಣಕಾಲಿನ ಮೇಲೆ ಕಟ್ಟಿದ ಮುಂಡು, ಕೈಯಲ್ಲಿ ಓಲೆಬೆಲ್ಲದ ಕಟ್ಟು. ಅಲೋಶಿ "ಯಾರು?" ಎಂದು ಕೇಳಿದ.

"ನಮ್ಮ ತೋಟದ ಆಳು" ಎಂದೆ.

ಅಪ್ಪ ಆಗ ಜಗಲಿಯ ಕೆಳಗೆ ಕಾಲು ಒರೆಸುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಬೆಲ್ಲವನ್ನು ಹೊಸ್ತಿಲ ಮೇಲೆ ಇಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟರು. ನೀರು ಕೂಡ ಕುಡಿಯಲಿಲ್ಲ. ಅಲೋಶಿ ಆ ಬೆಲ್ಲವನ್ನು ಒಂದು ವಾರ ಚಪ್ಪರಿಸಿ ತಿಂದ. ನಾನು ಮುಟ್ಟಲಿಲ್ಲ. ಮರುದಿನವೇ ಅವನಿಗೆ ನಿಜ ಹೇಳಬೇಕೆಂದುಕೊಂಡೆ. ಎರಡು ವರ್ಷ ಹಾಗೆಯೇ ಕಳೆಯಿತು.

ದಿಜೋನ್

ನಮ್ಮಿಬ್ಬರನ್ನೂ ತರಬೇತಿಗೆ ಕಳುಹಿಸಿದ್ದು ದಿಜೋನ್ ಎಂಬ ಪಟ್ಟಣಕ್ಕೆ. ಹುದುಗು ಬರಿಸುವ ಸೂಕ್ಷ್ಮಜೀವಿಗಳನ್ನು ಬೆಳೆಸುವುದು, ಎಣಿಸುವುದು, ಕಾಪಾಡುವುದು ಅಲ್ಲಿಯ ಪಾಠ. ಊರು ನನಗೆ ಬಹಳ ಹಿಡಿಸಿತು. ಬಣ್ಣದ ಹೆಂಚಿನ ಮಾಡುಗಳು, ಬೆಳಿಗ್ಗೆ ಉದ್ದುದ್ದ ರೊಟ್ಟಿಯನ್ನು ಕಂಕುಳಲ್ಲಿ ಕೊಡೆಯಂತೆ ಇಟ್ಟುಕೊಂಡು ನಡೆಯುವ ಜನ. ರೊಟ್ಟಿಗೆ ಕಾಗದ ಸುತ್ತುವುದಿಲ್ಲ. ಮೇಜಿನ ಮೇಲೂ ಅದಕ್ಕೆ ತಟ್ಟೆ ಇಲ್ಲ, ಬಟ್ಟೆಯ ಮೇಲೆಯೇ ಇಟ್ಟು ಹರಿದು ತಿನ್ನುತ್ತಾರೆ. ಮಡಿ ಮೈಲಿಗೆಯ ಊರಿನಿಂದ ಹೋದ ನನಗೆ ಅದಕ್ಕೆ ಒಗ್ಗಲು ಒಂದು ತಿಂಗಳು ಬೇಕಾಯಿತು.

ವೈನಿನ ವಿಷಯದಲ್ಲಿ ಅಲೋಶಿ ತನ್ನನ್ನು ಪಂಡಿತನೆಂದೇ ತಿಳಿದಿದ್ದ. ಅವನ ಅಜ್ಜಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ಒಣದ್ರಾಕ್ಷಿ, ಸಕ್ಕರೆ, ಲವಂಗ ಹಾಕಿ ಗುಟ್ಟಾಗಿ ವೈನ್ ಮಾಡುತ್ತಿದ್ದರಂತೆ. ಮೊದಲ ದಿನ ಪ್ರಯೋಗಾಲಯದ ಊಟದ ಮನೆಯಲ್ಲಿ ಕೆಂಪು ವೈನ್ ಬಂತು. ಅಲೋಶಿ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಸಪ್ಪೆ ಉಂಟು ಮಾರಾಯ, ಸಕ್ಕರೆ ಹಾಕಲು ಮರೆತಿದ್ದಾರೆ" ಎಂದು ನನಗೆ ಕನ್ನಡದಲ್ಲಿ ಹೇಳಿ, ಕಾಫಿಯ ತಟ್ಟೆಯಿಂದ ಎರಡು ಸಕ್ಕರೆ ಗಟ್ಟಿ ತೆಗೆದು ಲೋಟಕ್ಕೆ ಹಾಕಿ ಚಮಚದಿಂದ ಕದಡಿದ. ಸುತ್ತ ಕುಳಿತ ಹತ್ತು ಹನ್ನೆರಡು ಜನರ ಮಾತು ನಿಂತುಹೋಯಿತು. ಒಬ್ಬಾಕೆ ಎದೆಯ ಮೇಲೆ ಕೈ ಇಟ್ಟುಕೊಂಡಳು.

ಎದುರು ಕುಳಿತಿದ್ದ ಜೆರಾರ್ ಎಂಬವನು ಮಾತ್ರ ಬಿದ್ದು ಬಿದ್ದು ನಕ್ಕ. ಅವನೂ ನಮ್ಮದೇ ಪ್ರಯೋಗಾಲಯದವ, ಹಳ್ಳಿಯ ವೈನ್ ಬೆಳೆಗಾರನ ಮಗ. "ನಿಮ್ಮಿಬ್ಬರನ್ನೂ ನನ್ನ ಅಪ್ಪನ ಹತ್ತಿರ ಕರೆದುಕೊಂಡು ಹೋಗದಿದ್ದರೆ ನನಗೆ ಪಾಪ ಬರುತ್ತದೆ" ಎಂದ. ಹಾಗೆ ನಮ್ಮ ಸ್ನೇಹ ಆಯಿತು. ಅವನು ನನ್ನ ಅಪ್ಪನ ಬಗ್ಗೆ ಕೇಳಿದಾಗ ನನ್ನ ಬಾಯಿಗೆ ಹಳೆಯ ಉತ್ತರವೇ ಬಂತು. ಅಷ್ಟು ಸಾವಿರ ಮೈಲು ದಾಟಿ ಹೋದರೂ ತೆಂಗಿನ ತೋಟ ನನ್ನ ಬೆನ್ನು ಬಿಡಲಿಲ್ಲ.

ಬಳ್ಳಿಗಳ ಊರು

ಜೆರಾರನ ಹಳ್ಳಿಯ ಹೆಸರನ್ನು ನಾನು ಒಮ್ಮೆಯೂ ಸರಿಯಾಗಿ ಉಚ್ಚರಿಸಲಿಲ್ಲ. ತಪ್ಪಾಗಿ ಬರೆದು ಆ ಊರಿನವರ ಶಾಪಕ್ಕೆ ಗುರಿಯಾಗುವುದಕ್ಕಿಂತ ಬರೆಯದಿರುವುದೇ ಒಳ್ಳೆಯದು. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಇಳಿದಾಗ ಜೆರಾರನ ತಂದೆ ಎತಿಯೆನ್ ಸ್ವತಃ ರಸ್ತೆಗೆ ಬಂದು ನಿಂತಿದ್ದರು. ಎಪ್ಪತ್ತು ದಾಟಿದ ಅಜ್ಜ. ಬೆರಳುಗಳ ತುಂಬ ಕತ್ತಿಯ ಗಾಯದ ಹಳೆಯ ಗೆರೆಗಳು. ನನ್ನ ಕೈ ಹಿಡಿದು ಕುಲುಕುವಾಗ ಆ ಒರಟುತನ ನನಗೆ ತುಂಬ ಪರಿಚಯದ್ದೆನಿಸಿತು, ಯಾಕೆಂದು ಹೇಳಬೇಕಾಗಿಲ್ಲ.

ದ್ರಾಕ್ಷಿ ಎಂದರೆ ಚಪ್ಪರದ ಮೇಲೆ ಹಬ್ಬುವುದು ಎಂದುಕೊಂಡಿದ್ದೆ. ಇಲ್ಲಿ ಅದು ಸೊಂಟದೆತ್ತರದ ಗಿಡ, ಸಾಲು ಸಾಲಾಗಿ ಗುಡ್ಡದ ಇಳಿಜಾರಿನಲ್ಲಿ ನಿಂತಿದೆ. ಅಜ್ಜ ಮೂರು ಕಡೆ ಮಣ್ಣನ್ನು ಹಿಡಿದು ತೋರಿಸಿದರು. ಗುಡ್ಡದ ತಲೆಯಲ್ಲಿ ಬೆಳೆದದ್ದಕ್ಕೆ ಒಂದು ರುಚಿ, ಕೆಳಗಿನ ಬಯಲಿನದ್ದಕ್ಕೆ ಇನ್ನೊಂದು, ನಡುವಿನ ಮಟ್ಟದ್ದು ಎಲ್ಲಕ್ಕಿಂತ ಮೇಲು, ಎಂದರು. ನಾನೂ ಅಲೋಶಿಯೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು ಎಂದು ಗದ್ದೆಗಳನ್ನು ಕರೆಯುವುದೂ ಇದೇ ಲೆಕ್ಕದಲ್ಲಿ ಅಲ್ಲವೇ? ಒಂದೊಂದು ತುಂಡು ನೆಲಕ್ಕೂ ಅಲ್ಲಿ ಒಂದೊಂದು ಹೆಸರು ಇದೆ. ಕಾಪುವಿನ ಗದ್ದೆಗಳಿಗೆ ಹೆಸರಿಟ್ಟ ಹಾಗೆಯೇ ಯಾರೋ ಅಜ್ಜ ಪಿಜ್ಜಂದಿರು ಇಟ್ಟದ್ದು. ವ್ಯತ್ಯಾಸ ಇಷ್ಟೆ: ನಾವು ಆ ಹೆಸರುಗಳನ್ನು ಜಗಳ ಬಂದಾಗ ಕಚೇರಿಯಲ್ಲಿ ಹೇಳುತ್ತೇವೆ, ಅವರು ಬಾಟಲಿಯ ಮೇಲೆ ಅಚ್ಚು ಹಾಕಿಸಿ ಲೋಕಕ್ಕೆಲ್ಲ ತೋರಿಸುತ್ತಾರೆ.

ದಾರಿಯಲ್ಲಿ ಎದುರಾದವರೆಲ್ಲ ಅಜ್ಜನಿಗೆ ಟೊಪ್ಪಿ ಎತ್ತಿ ನಮಸ್ಕರಿಸಿದರು. ಊರಿನ ಪಾದ್ರಿಯೂ ಎತ್ತಿದರು, ವೈದ್ಯರೂ ಎತ್ತಿದರು. "ಇವರು ಊರಿನ ಪಟೇಲರೇ?" ಎಂದು ಜೆರಾರನನ್ನು ಕೇಳಿದೆ. "ಇಲ್ಲ, ಒಳ್ಳೆಯ ವೈನ್ ಮಾಡುತ್ತಾರೆ" ಎಂದ. ಅವನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕೆಂದು ಅನಿಸಲೇ ಇಲ್ಲ.

ನೆಲಮಾಳಿಗೆ

ಊಟಕ್ಕೆ ಮೊದಲು ಮನೆಯ ಕೆಳಗಿನ ನೆಲಮಾಳಿಗೆಗೆ ಇಳಿದೆವು. ತಂಪು, ಕತ್ತಲು, ಎರಡೂ ಬದಿಗೆ ಮರದ ಪೀಪಾಯಿಗಳು. ಅಜ್ಜ ಉದ್ದದ ಗಾಜಿನ ನಳಿಗೆಯನ್ನು ಪೀಪಾಯಿಗೆ ಇಳಿಸಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ವೈನನ್ನು ಎತ್ತಿ ನಮ್ಮ ಲೋಟಗಳಿಗೆ ಬಿಡುತ್ತಿದ್ದರು. ಅಲ್ಲಿಯ ಪದ್ಧತಿ ಎಂದರೆ ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಹೊರಳಿಸಿ, ಪಕ್ಕದ ಮರಳಿನ ಡಬ್ಬಕ್ಕೆ ಉಗಿಯುವುದು. ಅಜ್ಜ ಉಗಿದರು, ಜೆರಾರ್ ಉಗಿದ. ಮನೆಯ ಯಜಮಾನರು ಕೈಯಾರೆ ಕೊಟ್ಟದ್ದನ್ನು ಅವರ ಎದುರೇ ಉಗಿಯುವುದೇ? ನಮ್ಮಿಬ್ಬರಿಂದ ಆಗಲಿಲ್ಲ, ಎಲ್ಲವನ್ನೂ ಮರ್ಯಾದೆಯಿಂದ ನುಂಗಿದೆವು. ಐದನೆಯ ಪೀಪಾಯಿ ತಲುಪುವಾಗ ಅಲೋಶಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

ಒಂದೊಂದು ಪೀಪಾಯಿಯ ರುಚಿಯೂ ಬೇರೆ. ಒಂದರಲ್ಲಿ ಮಳೆ ಬಿದ್ದ ಮಣ್ಣು, ಇನ್ನೊಂದರಲ್ಲಿ ನೇರಳೆಯಂಥ ಕುಂಟಲ ಹಣ್ಣಿನ ಒಗರು, ಮತ್ತೊಂದರಲ್ಲಿ ಕಾಳುಮೆಣಸಿನ ಸಣ್ಣ ಖಾರ. ನಾಲಿಗೆಯನ್ನು ಇಷ್ಟು ಗೌರವದಿಂದ ನಡೆಸಿಕೊಳ್ಳುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ. ಆರನೆಯದನ್ನು ಮೂಗಿನ ಹತ್ತಿರ ತಂದಾಗ ಮಾತ್ರ ನನ್ನ ಕೈ ನಿಂತಿತು.

ಚಿಕ್ಕಂದಿನಲ್ಲಿ ಬೆಳಿಗ್ಗೆ ಅಪ್ಪ ಇಳಿಸಿ ತಂದ ಮಡಕೆಗಳನ್ನು ಸಾಲಾಗಿ ಇಟ್ಟು, "ಮೂಸಿ ಹೇಳು" ಎನ್ನುತ್ತಿದ್ದರು. ಯಾವ ಮರದ್ದು, ಯಾವ ಮಡಕೆ ಸರಿಯಾಗಿ ತೊಳೆದಿಲ್ಲ, ಯಾವುದು ಮಧ್ಯಾಹ್ನಕ್ಕೆ ಮೊದಲೇ ಹುಳಿ ತಿರುಗುತ್ತದೆ ಎಂದು ಹೇಳಬೇಕು. ಹುಳಿ ತಿರುಗುವ ಮೊದಲು ಒಂದು ಸಣ್ಣ ಚೂಪು ವಾಸನೆ ಬರುತ್ತದೆ, ತಿಳಿದವರಿಗೆ ಮಾತ್ರ ಸಿಗುವಂಥದ್ದು. ಆ ವಾಸನೆ ಈ ಪೀಪಾಯಿಯಲ್ಲಿ ಇತ್ತು.

"ಇದು ತಿರುಗುತ್ತಿದೆ" ಎಂದು ನನ್ನ ಹರಕು ಫ್ರೆಂಚಿನಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜ ನನ್ನನ್ನು ದಿಟ್ಟಿಸಿ ನೋಡಿದರು. "ಮೂರು ದಿನದಿಂದ ನನಗೂ ಅನುಮಾನ. ಇವನಿಗೆ ತಿಳಿಯಲಿಲ್ಲ" ಎಂದು ಗಲ್ಲದಿಂದ ಮಗನತ್ತ ತೋರಿಸಿದರು. ಮತ್ತೆ ನನ್ನ ಹತ್ತಿರ ಬಂದು, "ನಿನಗೆ ಇದನ್ನು ಯಾರು ಕಲಿಸಿದರು?" ಎಂದರು.

"ಪ್ರಯೋಗಾಲಯದಲ್ಲಿ ಕಲಿತೆ" ಎಂದೆ.

"ಪ್ರಯೋಗಾಲಯದಲ್ಲಿ ನಾನೂ ಇದ್ದೇನಲ್ಲ!" ಎಂದು ಜೆರಾರ್ ನಕ್ಕ. ಅಜ್ಜ ನಗಲಿಲ್ಲ. ನನ್ನ ಉತ್ತರವನ್ನು ಅವರು ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ಅಪ್ಪನನ್ನು ಮತ್ತೊಮ್ಮೆ ಹೊರಗೆ ನಿಲ್ಲಿಸಿದೆ ಎಂದುಕೊಂಡು ಮೆಟ್ಟಿಲು ಹತ್ತಿದೆ.

ಊಟದ ಮೇಜು

ಮಠದ ಪಂಕ್ತಿಯಲ್ಲಿ ಸಾವಿರ ಜನ ಅರ್ಧ ಗಂಟೆಯಲ್ಲಿ ಉಂಡು ಏಳುವುದನ್ನು ನೋಡಿದವನು ನಾನು. ಇಲ್ಲಿ ಐದು ಜನ ಮೂರು ಗಂಟೆ ಉಂಡೆವು. ಜೆರಾರನ ತಾಯಿ ನಾವು ಬರುತ್ತೇವೆಂದು ಪೆಟ್ಟಿಗೆಯಿಂದ ತೆಗೆದ ಬಿಳಿ ಬಟ್ಟೆಯನ್ನು ಮೇಜಿಗೆ ಹಾಸಿದ್ದರು, ಅವರ ಮದುವೆಯದ್ದಂತೆ. ವೈನಿನಲ್ಲೇ ಬೆಂದ ಕೋಳಿ ಬಂತು. ಅಲೋಶಿ ಕಣ್ಣು ಮುಚ್ಚಿ ತಿಂದು, "ತೆಂಗಿನಕಾಯಿ ಇಲ್ಲದೆಯೂ ಕೋಳಿ ಆಗುತ್ತದೆ ಎಂದು ಇವತ್ತು ಗೊತ್ತಾಯಿತು" ಎಂದ. ಅವನಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಬರಲಾರದು. ಆಮೇಲೆ ಬಂದ ಚೀಸು ನಮ್ಮ ಒಣಮೀನನ್ನು ನಾಚಿಸುವಷ್ಟು ನಾರುತ್ತಿತ್ತು. ಒಣಮೀನಿನಂತೆಯೇ, ಬಾಯಿಗೆ ಹಾಕಿದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಒಂದೊಂದು ತಿನಿಸಿಗೂ ಒಂದೊಂದು ವೈನ್. ಯಾರೂ ಗಟಗಟ ಕುಡಿಯಲಿಲ್ಲ. ಒಂದು ಗುಟುಕು, ಒಂದು ಮಾತು, ಒಂದು ತುಂಡು ರೊಟ್ಟಿ. ನಮ್ಮ ಊರಿನಲ್ಲಿ ಕುಡಿದು ಮನೆ ಹಾಳು ಮಾಡಿದವರನ್ನು ನಾನು ಕಂಡಿದ್ದೇನೆ, ಅವರ ಹೆಂಡಿರ ಅಳುವನ್ನೂ ಕೇಳಿದ್ದೇನೆ. ಪಾನನಿರೋಧ ಬೇಕೆಂದವರನ್ನು ನಾನು ಬಯ್ಯುವುದಿಲ್ಲ. ಆದರೆ ಕುಡಿಯುವುದನ್ನು ಊಟದ ಪಕ್ಕದಲ್ಲಿ, ಹೆಂಡತಿ ಮಕ್ಕಳ ಎದುರಿನಲ್ಲಿ, ಹಗಲು ಬೆಳಕಿನಲ್ಲಿ ಕೂರಿಸಿದ ಈ ಜನರನ್ನು ನೋಡಿ ಮೆಚ್ಚದೆ ಇರಲು ಆಗಲಿಲ್ಲ.

ಕೊನೆಗೆ ಅಜ್ಜ ಎದ್ದು ಹೋಗಿ ಧೂಳು ಹಿಡಿದ ಒಂದು ಬಾಟಲಿಯನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡು ಬಂದರು. ಅವರ ತಂದೆ ಮಾಡಿಟ್ಟ ವೈನುಗಳಲ್ಲಿ ಉಳಿದ ಕೊನೆಯ ಕೆಲವು ಬಾಟಲಿಗಳಲ್ಲಿ ಒಂದು. ಎಲ್ಲರ ಲೋಟಕ್ಕೂ ಸ್ವಲ್ಪ ಸ್ವಲ್ಪ ಬಡಿಸಿ, ಮೊದಲು ನಾನು ಕುಡಿಯಲಿ ಎಂದು ಕಾದು ಕುಳಿತರು. ಲೋಟ ಎತ್ತಿ ಮೂಸಿದೆ. ಅದನ್ನು ಹೇಗೆ ಹೇಳಲಿ! ಒಣಗಿದ ಹೂವು, ಹಳೆಯ ಮರದ ಪೆಟ್ಟಿಗೆ, ಎಲ್ಲೋ ಒಂದು ಎಳೆ ಜೇನು. ಮೈಯೆಲ್ಲ ಜುಮ್ಮೆಂದಿತು. ಆ ಗಳಿಗೆಯಲ್ಲಿ ನಾನು ಎಲ್ಲಿದ್ದೇನೆಂಬುದನ್ನೇ ಮರೆತೆ. ನನ್ನ ಬೆರಳು ತಾನಾಗಿಯೇ ಲೋಟಕ್ಕೆ ಇಳಿಯಿತು. ಮೂರು ಹನಿ ತೆಗೆದು ಪಕ್ಕಕ್ಕೆ ಚಿಮುಕಿಸಿದೆ.

ಕೆಂಪು ಹನಿಗಳು ಬಿಳಿ ಬಟ್ಟೆಯ ಮೇಲೆ ಬಿದ್ದವು. ಜೆರಾರನ ತಾಯಿ "ಅಯ್ಯೋ" ಎಂಬರ್ಥದ ಏನನ್ನೋ ಹೇಳಿ ಕಲೆ ಹೀರಲೆಂದು ಉಪ್ಪಿನ ಬಟ್ಟಲಿಗೆ ಕೈ ಹಾಕಿದರು. ಅಜ್ಜನ ಮುಖ ಬಿಳಿಚಿಹೋಗಿತ್ತು. ಪೀಪಾಯಿಯ ಕೆಡುಕನ್ನು ಮೂಸಿ ಹೇಳಿದ ಈ ಪರದೇಶಿ ಈಗ ತನ್ನ ತಂದೆಯ ವೈನನ್ನೂ ಕೆಟ್ಟದ್ದೆಂದು ಚೆಲ್ಲುತ್ತಿದ್ದಾನೆ ಎಂದು ಅವರು ತಿಳಿದರು. ತಮ್ಮ ಲೋಟವನ್ನು ಮೂಗಿಗೆ ಹಿಡಿದರು, ಮತ್ತೆ ಹಿಡಿದರು. "ಹೋಗಿದೆಯೇ? ನಿಜ ಹೇಳು, ಹೋಗಿದೆಯೇ?" ಎಂದು ಕೇಳಿದರು.

ಇನ್ನು ಸುಳ್ಳು ಹೇಳಲು ಜಾಗವೇ ಇರಲಿಲ್ಲ. "ಇಲ್ಲ, ಇಲ್ಲ" ಎಂದೆ. "ಇಷ್ಟು ಒಳ್ಳೆಯದನ್ನು ನಾನು ಜನ್ಮದಲ್ಲಿ ಮೂಸಿಲ್ಲ. ನನ್ನ ಅಪ್ಪ ಕುಡಿಯುವ ಮೊದಲು ಮೂರು ಹನಿ ನೆಲಕ್ಕೆ ಬಿಡುತ್ತಾರೆ, ದೈವಕ್ಕೂ ಸತ್ತ ಹಿರಿಯರಿಗೂ ಸಲ್ಲಲಿ ಎಂದು. ಅದೇ ಅಭ್ಯಾಸದಲ್ಲಿ ಕೈ ಹೋಯಿತು. ನನ್ನ ಅಪ್ಪನಿಗೆ ತೋಟ ಇಲ್ಲ. ಅವರು ಮರ ಹತ್ತಿ ವೈನ್ ಇಳಿಸುವವರು. ಪೀಪಾಯಿಯ ವಾಸನೆ ಹಿಡಿಯಲು ನನಗೆ ಕಲಿಸಿದ್ದೂ ಅವರೇ."

ಅಲೋಶಿ ಮುಳ್ಳುಚಮಚವನ್ನು ಕೆಳಗಿಟ್ಟ. "ಪರ್ಕಳಕ್ಕೆ ಓಲೆಬೆಲ್ಲ ತಂದವರು?" ಎಂದು ಕನ್ನಡದಲ್ಲಿ ಕೇಳಿದ.

"ಅವರೇ."

"ಎಂತ ಮಾರಾಯ ನೀನು" ಎಂದ. ಆಮೇಲೆ ಅಜ್ಜನ ಕಡೆ ತಿರುಗಿ, ನಾನು ತಡವರಿಸಿದ್ದನ್ನೆಲ್ಲ ತನ್ನ ಒಳ್ಳೆಯ ಫ್ರೆಂಚಿನಲ್ಲಿ ಸರಿಯಾಗಿ ಹೇಳಿದ.

ಅಜ್ಜನ ಮುಖಕ್ಕೆ ರಕ್ತ ಮರಳಿತು. ನಂತರದ ಒಂದು ಗಂಟೆ ಅವರು ನನ್ನನ್ನು ಬಿಡಲಿಲ್ಲ. ಮರ ಎಷ್ಟು ಎತ್ತರ? ಹಗ್ಗ ಕಟ್ಟುತ್ತಾರೋ? ಹೊಂಬಾಳೆಯನ್ನು ಎಷ್ಟು ತೆಳ್ಳಗೆ ಕೊಯ್ಯಬೇಕು, ಕತ್ತಿ ಎಂಥದ್ದು? ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಖಾರ, ಸಂಜೆಗೆ ಹುಳಿ ಎಂದಾಗ ಮೇಜು ತಟ್ಟಿದರು. "ನನ್ನ ತಪ್ಪು ನನಗೆ ತಿಳಿಯಲು ಹತ್ತು ವರ್ಷ ಬೇಕು. ನಿನ್ನ ತಂದೆಗೆ ಅದೇ ದಿನ ತಿಳಿಯುತ್ತದೆ. ನನಗಿಂತ ಧೈರ್ಯವಂತ!" ಎಂದರು. ನಂತರ ಸಹಜವಾಗಿ ಕೇಳಿದರು, "ಈ ವರ್ಷ ಅವರದ್ದು ಹೇಗೆ ಬಂದಿದೆ?"

ಈಗ ನಮ್ಮಲ್ಲಿ ಅದಕ್ಕೆ ಅಪ್ಪಣೆ ಇಲ್ಲ, ಅಪ್ಪ ಮಡಕೆಗೆ ಸುಣ್ಣ ಬಳಿದು ಬೆಲ್ಲ ಕಾಸುತ್ತಾರೆ ಎಂದೆ. ಅಜ್ಜ ತಮ್ಮ ಒರಟು ಬೆರಳನ್ನು ಲೋಟದಲ್ಲಿ ಅದ್ದಿ, ಹೆಂಡತಿ ಬೇಡ ಬೇಡವೆನ್ನುತ್ತಿದ್ದಂತೆಯೇ, ಆ ಮದುವೆಯ ಬಟ್ಟೆಯ ಮೇಲೆ ಮೂರು ಹನಿ ಬಿಟ್ಟರು. "ಇದು ನನ್ನ ಅಪ್ಪನಿಗೆ" ಎಂದರು. ಇನ್ನು ಮೂರು ಹನಿ ಬಿಟ್ಟು, "ಇದು ನಿನ್ನವರ ಹಿರಿಯರಿಗೆ" ಎಂದರು. ನನಗೆ ಅಳು ಬಂತು. ಜೆರಾರನ ತಾಯಿ ನನ್ನ ಬೆನ್ನು ಸವರಿ, ಉಳಿದ ಉಪ್ಪನ್ನೆಲ್ಲ ಬಟ್ಟೆಯ ಮೇಲೆ ಸುರಿದರು.

ಕಾಪು

ಊರಿಗೆ ಮರಳಿದ ವಾರವೇ ಅಲೋಶಿಯನ್ನು ಊಟಕ್ಕೆ ಮನೆಗೆ ಕರೆದೆ. ಮನೆಗೆ ಸುದ್ದಿ ಕಳುಹಿಸಲು ಪುರುಸೊತ್ತಾಗಲಿಲ್ಲ, ಉಡುಪಿಯಿಂದ ಇಬ್ಬರೂ ಒಂದೇ ಬಸ್ಸು ಹಿಡಿದು ಬಂದು ಇಳಿದೆವು. ಫ್ರಾನ್ಸಿನ ಮೇಜಿನಲ್ಲಿ ಎಲ್ಲ ಹೇಳಿ ಮುಗಿಸಿದ್ದೇನೆ, ಇನ್ನೇನೂ ಉಳಿದಿಲ್ಲ ಎಂದು ನಾನು ಹಗುರವಾಗಿದ್ದೆ.

ಅಪ್ಪ ಅಂಗಳದಲ್ಲಿ ಒಲೆಗೆ ಒಣಗಿದ ತೆಂಗಿನ ಮಡಲು ತುರುಕುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಹಿಂದಿನಿಂದ ಕೋಟು ಹಾಕಿದ ಅಲೋಶಿ ಬರುವುದನ್ನು ಕಂಡೊಡನೆ ಆ ನಗು ಅಲ್ಲಿಯೇ ನಿಂತಿತು. ತಲೆಯ ಹಾಳೆಯ ಟೊಪ್ಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಬನ್ನಿ ಧಣಿಗಳೇ, ಕುಳಿತುಕೊಳ್ಳಿ" ಎಂದರು ಅಲೋಶಿಗೆ. "ನಾನು ತೋಟದ ಕೆಲಸದವ. ಸಣ್ಣ ಧಣಿಗಳ ತಂದೆ ಪೇಟೆಗೆ ಹೋಗಿದ್ದಾರೆ."

ಸಣ್ಣ ಧಣಿ ಎಂದರೆ ನಾನು. ಅಪ್ಪನ ಬೆನ್ನ ಹಿಂದೆ ನಮ್ಮ ಹುಲ್ಲಿನ ಮಾಡು, ಜಗಲಿಯಲ್ಲಿ ನೇತಾಡುವ ಅವರದೇ ಕತ್ತಿ, ಬಾಗಿಲಿನಲ್ಲಿ ಬಾಯಿಗೆ ಕೈ ಹಿಡಿದು ನಿಂತ ನನ್ನ ಅಕ್ಕ. ಆ ಮನೆಯಲ್ಲಿ ಯಾವ ಧಣಿಯೂ ಇರಲಾರನೆಂದು ಕಣ್ಣಿದ್ದ ಯಾರಿಗೂ ತಿಳಿಯುವಂತಿತ್ತು. ಆದರೂ ಅಪ್ಪ ನನ್ನ ಮಾನ ಕಾಯಲು ತಮ್ಮದೇ ಅಂಗಳದಲ್ಲಿ ಆಳಾಗಿ ನಿಂತಿದ್ದರು. ಪರ್ಕಳದಲ್ಲಿ ಅವರಿಗೆ ಎಲ್ಲವೂ ಕೇಳಿಸಿತ್ತು.

ಅಲೋಶಿಗೆ ನಿಜ ಗೊತ್ತು. ಅವನು ಒಂದು ಮಾತು ಆಡಿದ್ದರೆ ನನ್ನ ಕಷ್ಟ ತಪ್ಪುತ್ತಿತ್ತು. ಅವನು ಆಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ. ನೆರೆಮನೆಯವರು ಬೇಲಿಯ ಹತ್ತಿರ ಬಂದು ನಿಂತಿದ್ದರು. ಪರದೇಶದಲ್ಲಿ, ಪರಭಾಷೆಯಲ್ಲಿ, ಹೊಟ್ಟೆ ತುಂಬ ವೈನ್ ಇದ್ದಾಗ ಹೇಳಿದ್ದು ಏನೇನೂ ಅಲ್ಲ ಎಂದು ನನಗೆ ಆಗ ತಿಳಿಯಿತು.

"ಅಲೋಶಿ, ಇವರು ನನ್ನ ಅಪ್ಪ" ಎಂದೆ, ತುಳುವಿನಲ್ಲಿ, ಬೇಲಿಯವರೆಗೂ ಕೇಳುವಂತೆ.

ಅಪ್ಪ ನನ್ನನ್ನು ನೋಡಲಿಲ್ಲ. ಒಲೆಯ ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿ ಬಾವಿಯ ಕಡೆ ನಡೆದರು. ಅಕ್ಕ ಒಳಗೆ ಎರಡು ಎಲೆ ಹಾಕಿದ್ದಳು. ಮೂರನೆಯದನ್ನು ನಾನೇ ತಂದು ನಡುವೆ ಹಾಕಿದೆ. ನಾನೂ ಅಲೋಶಿಯೂ ಅನ್ನ ಮುಟ್ಟದೆ ಕಾದೆವು. ಬಹಳ ಹೊತ್ತಾದ ಮೇಲೆ ಅಪ್ಪ ಕೈಕಾಲು ತೊಳೆದು ಬಂದು, ನಮ್ಮಿಬ್ಬರ ಮಧ್ಯೆ ಕುಳಿತರು.